ಕೊಡಲಿ, ಬೇಲಿ, ಹಂದಿ: ವಸಾಹತು ಅಮೆರಿಕದ ಕಾಡು ಮತ್ತು ಬದುಕು

(ಉಪನ್ಯಾಸದ ಲಿಖಿತ ರೂಪ)



1643ರಲ್ಲಿ ಲಂಡನ್ನಿನಲ್ಲಿ ಒಂದು ಪುಟ್ಟ ಪುಸ್ತಕ ಅಚ್ಚಾಯಿತು. ಬರೆದವನು ರೋಜರ್ ವಿಲಿಯಮ್ಸ್ ಎಂಬ ಪಾದ್ರಿ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿದ್ದ ನ್ಯಾರಗಾನ್ಸೆಟ್ ಜನರ ಭಾಷೆಯನ್ನು ಇಂಗ್ಲಿಷರಿಗೆ ಪರಿಚಯಿಸುವ ಕೈಪಿಡಿ ಅದು. ಆ ಜನರು ವಿಲಿಯಮ್ಸನನ್ನು ಮತ್ತೆ ಮತ್ತೆ ಒಂದು ಪ್ರಶ್ನೆ ಕೇಳುತ್ತಿದ್ದರಂತೆ: ಇಂಗ್ಲಿಷರು ಇಷ್ಟು ದೂರ ಏಕೆ ಬಂದರು? ಉತ್ತರವನ್ನೂ ಅವರೇ ಊಹಿಸಿಕೊಂಡಿದ್ದರು. ಇವರ ನಾಡಿನಲ್ಲಿ ಸೌದೆ ತೀರಿಹೋಗಿರಬೇಕು, ಅದಕ್ಕಾಗಿ ಬಂದಿದ್ದಾರೆ ಎಂಬುದು ಅವರ ಊಹೆ. ಒಂದು ನೆಲೆಯ ಸುತ್ತಮುತ್ತ ಉರುವಲು ತೀರಿದಾಗ ಗುಡಿಸಲು ಕಳಚಿಕೊಂಡು ಮತ್ತೊಂದು ನೆಲೆಗೆ ಹೋಗುವುದು ಅವರ ರೂಢಿಯಾಗಿತ್ತು. ಬಂದವರನ್ನೂ ಅದೇ ಅಳತೆಗೋಲಿನಿಂದ ಅಳೆದರು. ಲಂಡನ್ನಿನ ಓದುಗರಲ್ಲಿ ಕೆಲವರಾದರೂ ಇದನ್ನೋದಿ ನಕ್ಕಿರಬಹುದು. ಆದರೆ ಆ ಊಹೆ ಪೂರ್ತಿ ತಪ್ಪೇನೂ ಆಗಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಮರದ ಬೆಲೆ ಏರಿತ್ತು. ಲಂಡನ್ನಿನ ಒಲೆಗಳು ನ್ಯೂಕ್ಯಾಸಲ್ಲಿನಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲಿನಿಂದ ಉರಿಯುತ್ತಿದ್ದವು.

ಅಮೆರಿಕದ ವಸಾಹತುಗಳ ಚರಿತ್ರೆಯನ್ನು ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಹಡಗಿನಿಂದ ಆರಂಭಿಸಿ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಮುಗಿಸುತ್ತವೆ. ನಡುವಿನ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಅಲ್ಲಿನ ಮನೆಗಳಲ್ಲಿ ಯಾವ ಒಲೆ ಉರಿಯಿತು, ದನಗಳು ಎಲ್ಲಿ ಮೇಯ್ದವು, ಬೇಲಿಯ ಖರ್ಚು ಯಾರ ತಲೆಗೆ ಬಿತ್ತು ಎಂಬ ಸಂಗತಿಗಳು ಆ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಮಲೆನಾಡಿನ ಕೇಳುಗರಿಗೆ ಇವೇ ಹೆಚ್ಚು ಅರ್ಥವಾಗುವ ಸಂಗತಿಗಳು. ಆದ್ದರಿಂದ ಈ ಉಪನ್ಯಾಸ ರಾಜರನ್ನೂ ಗವರ್ನರುಗಳನ್ನೂ ಪಕ್ಕಕ್ಕಿಟ್ಟು ಕೊಡಲಿ, ಬೇಲಿ, ಹಂದಿಗಳ ಹಿಂದೆ ಹೋಗುತ್ತದೆ.

ಇಂಗ್ಲಿಷರ ಮೊದಲ ಸ್ಥಿರ ನೆಲೆ 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್. ಲಂಡನ್ನಿನ ಒಂದು ವ್ಯಾಪಾರಿ ಕಂಪನಿ ಲಾಭದ ಆಸೆಯಿಂದ ಸ್ಥಾಪಿಸಿದ ಊರು ಅದು. ಬಂದವರಲ್ಲಿ ಬಂಗಾರ ಹುಡುಕುವ ಹಂಬಲಿಗರೇ ಹೆಚ್ಚು, ನೇಗಿಲು ಹಿಡಿಯಬಲ್ಲವರು ಕಡಿಮೆ. 1609-10ರ ಚಳಿಗಾಲದಲ್ಲಿ ಸುಮಾರು 500 ಜನರ ಪೈಕಿ ಬದುಕುಳಿದವರು ಸುಮಾರು 60 ಮಂದಿ. ಎರಡನೆಯ ನೆಲೆ 1620ರಲ್ಲಿ ಉತ್ತರದ ಪ್ಲಿಮತ್. ಮೇಫ್ಲವರ್ ಹಡಗಿನಲ್ಲಿ ಬಂದ 102 ಜನರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲವನ್ನು ದಾಟಲಿಲ್ಲ. 1630ರಲ್ಲಿ ಜಾನ್ ವಿನ್‌ಥ್ರೋಪನ ನೇತೃತ್ವದಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಗೆ ದೊಡ್ಡ ತಂಡ ಬಂದಿತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 20,000 ಜನ ಆ ಕರಾವಳಿಗೆ ಬಂದಿಳಿದರು. ಈ ಉತ್ತರ ಭಾಗಕ್ಕೆ ನ್ಯೂ ಇಂಗ್ಲೆಂಡ್ ಎಂದು ಹೆಸರು. ಇಲ್ಲಿನ ಮಾತು ಬಹುಪಾಲು ಆ ಪ್ರದೇಶದ್ದು.

ಬಂದವರು ತಾವು ಕಂಡದ್ದನ್ನು ಜನಶೂನ್ಯ ಅರಣ್ಯವೆಂದು ಬರೆದರು. ಅದು ಜನಶೂನ್ಯವಾಗಿರಲಿಲ್ಲ, ಜನರನ್ನು ಕಳೆದುಕೊಂಡಿತ್ತು. 1616ರಿಂದ 1619ರವರೆಗೆ ಯುರೋಪಿನ ಮೀನುಗಾರರು ಮತ್ತು ವ್ಯಾಪಾರಿಗಳ ಮೂಲಕ ತಗುಲಿದ ಸಾಂಕ್ರಾಮಿಕ ರೋಗವೊಂದು ಆ ಕರಾವಳಿಯ ಊರೂರನ್ನೇ ಖಾಲಿ ಮಾಡಿತ್ತು. ಪ್ಲಿಮತ್ ಊರು ನಿಂತ ಜಾಗದಲ್ಲಿ ಮೊದಲು ಪಟುಕ್ಸೆಟ್ ಎಂಬ ಹಳ್ಳಿಯಿತ್ತು. ಅದರ ಹೊಲಗಳು ಹಸನಾಗಿ ಹಾಗೆಯೇ ಬಿದ್ದಿದ್ದವು, ಉಳುವವರು ಮಾತ್ರ ಇರಲಿಲ್ಲ. ಆ ಹಳ್ಳಿಯ ಟಿಸ್ಕ್ವಾಂಟಮ್ ಎಂಬವನನ್ನು 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬ ಅಪಹರಿಸಿ ಸ್ಪೇನಿನಲ್ಲಿ ಮಾರಲು ಒಯ್ದಿದ್ದ. ಅವನು ಹೇಗೋ ಲಂಡನ್ ತಲುಪಿ, 1619ರಲ್ಲಿ ಊರಿಗೆ ಮರಳಿದಾಗ ಊರೇ ಉಳಿದಿರಲಿಲ್ಲ. ವಸಾಹತಿನವರಿಗೆ ಮೆಕ್ಕೆಜೋಳದ ಬುಡಕ್ಕೆ ಮೀನು ಹಾಕಿ ಬೆಳೆಯುವುದನ್ನು ಕಲಿಸಿದವನು ಇವನೇ. ಅಪಹರಿಸಿದ ಜನರ ಭಾಷೆಯನ್ನೇ ಆಡುತ್ತಾ, ಅವರ ಜನಕ್ಕೇ ಅನ್ನದ ದಾರಿ ತೋರಿಸಿ, 1622ರಲ್ಲಿ ತೀರಿಕೊಂಡ. ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಬಹುಕಾಲ ಅವನ ಉಪಕಾರದ ಭಾಗವಷ್ಟೇ ಉಳಿದಿತ್ತು.

ಮೂಲನಿವಾಸಿಗಳ ಬೇಸಾಯದಲ್ಲಿ ಮುಖ್ಯ ಕೆಲಸ ಹೆಂಗಸರದು. ನೆಲದಲ್ಲಿ ಸಣ್ಣ ಮಣ್ಣಿನ ಗುಪ್ಪೆ ಮಾಡಿ ಮೆಕ್ಕೆಜೋಳ ಊರುತ್ತಿದ್ದರು. ಜೋಳದ ದಂಟಿಗೆ ಹುರುಳಿಕಾಯಿಯ ಬಳ್ಳಿ ಹಬ್ಬುತ್ತಿತ್ತು, ಬುಡದಲ್ಲಿ ಕುಂಬಳದ ಎಲೆ ಹರಡಿ ಕಳೆಯನ್ನು ತಡೆಯುತ್ತಿತ್ತು. ಹುರುಳಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತಿತ್ತು. ನೇಗಿಲಿನ ಸಾಲು ನೋಡಿ ಬೆಳೆದ ಇಂಗ್ಲಿಷರ ಕಣ್ಣಿಗೆ ಇದು ಅಸ್ತವ್ಯಸ್ತವಾಗಿ ಕಂಡಿತು. ಗಂಡಸರು ಬೇಟೆ ಮತ್ತು ಮೀನುಗಾರಿಕೆಗೆ ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ ಬೇಟೆಯು ಶ್ರೀಮಂತರ ವಿನೋದವಾದ್ದರಿಂದ ಇವರನ್ನು ಸೋಮಾರಿಗಳೆಂದು ಬರೆದುಬಿಟ್ಟರು. ಇನ್ನು ಕಾಡು. ಮೂಲನಿವಾಸಿಗಳು ವರ್ಷಕ್ಕೆ ಒಂದೆರಡು ಸಲ ನೆಲಮಟ್ಟದ ಪೊದೆಗಳಿಗೆ ಹಗುರವಾಗಿ ಬೆಂಕಿ ಕೊಡುತ್ತಿದ್ದರು. ದೊಡ್ಡ ಮರಗಳಿಗೆ ಧಕ್ಕೆಯಾಗದೆ ಹುಲ್ಲು, ಹಣ್ಣಿನ ಗಿಡಗಳು ಚಿಗುರುತ್ತಿದ್ದವು, ಜಿಂಕೆಗಳು ಮೇಯಲು ಬರುತ್ತಿದ್ದವು. ವಿಲಿಯಮ್ ವುಡ್ 1634ರಲ್ಲಿ, ಥಾಮಸ್ ಮಾರ್ಟನ್ 1637ರಲ್ಲಿ ತಮ್ಮ ಪುಸ್ತಕಗಳಲ್ಲಿ ಈ ಬೆಂಕಿಯನ್ನು ವರ್ಣಿಸಿದ್ದಾರೆ. ಮರಗಳ ನಡುವೆ ಸಲೀಸಾಗಿ ಓಡಾಡಬಹುದಾದ ಉದ್ಯಾನದಂಥ ಕಾಡನ್ನು ಕಂಡು ಅವರು ಬೆರಗಾದರು. ಆ ಉದ್ಯಾನಕ್ಕೆ ತೋಟಗಾರರಿದ್ದರು ಎಂಬ ಮಾತು ಮಾತ್ರ ಜಮೀನಿನ ಲೆಕ್ಕದಲ್ಲಿ ಬರಲಿಲ್ಲ.

ಏಕೆಂದರೆ ಜಮೀನಿನ ಲೆಕ್ಕ ಬೇರೆಯೇ ತರ್ಕದ ಮೇಲೆ ನಿಂತಿತ್ತು. ಈ ಜನ ನೆಲಕ್ಕೆ ಬೇಲಿ ಹಾಕಿಲ್ಲ, ದನ ಸಾಕಿಲ್ಲ, ಒಂದೇ ಕಡೆ ಮನೆ ಕಟ್ಟಿ ನಿಂತಿಲ್ಲ, ಆದ್ದರಿಂದ ಅವರು ಉತ್ತು ಬೆಳೆಯುವ ತುಣುಕುಗಳನ್ನು ಬಿಟ್ಟು ಉಳಿದ ನೆಲ ಯಾರದೂ ಅಲ್ಲ ಎಂದು ವಿನ್‌ಥ್ರೋಪ್ ವಾದಿಸಿದ. ಬೇಟೆಯ ಕಾಡು, ಮೀನಿನ ಹೊಳೆ, ಬೆರ್ರಿ ಹಣ್ಣಿನ ಗುಡ್ಡ, ಚಳಿಗಾಲದ ಬೀಡು ಇವೆಲ್ಲ ಈ ಒಂದು ವಾಕ್ಯದಲ್ಲಿ ಮಾಯವಾದವು. ಮೂಲನಿವಾಸಿಗಳಲ್ಲಿ ಒಡೆತನವಿರಲಿಲ್ಲವೆಂದಲ್ಲ. ಬೆಳೆಯುವಷ್ಟು ಕಾಲ ಹೊಲ ಆ ಕುಟುಂಬದ್ದು, ಮೀನು ಹತ್ತುವ ಕಾಲದಲ್ಲಿ ಅಬ್ಬಿಯ ಬುಡ ಹಲವು ಊರುಗಳದ್ದು. ಬಳಕೆಗೆ ಹಕ್ಕಿತ್ತು, ನೆಲವನ್ನೇ ಮಾರುವ ಕಲ್ಪನೆ ಇರಲಿಲ್ಲ. ಇಂಗ್ಲಿಷರಿಗೆ ಭೂಮಿ 'ಮಾರಿದ' ಹಲವು ಪತ್ರಗಳಲ್ಲಿ ಮೂಲನಿವಾಸಿಗಳು ತಾವು ಬೇಟೆಗೂ ಮೀನಿಗೂ ಬರುವ ಹಕ್ಕನ್ನು ಉಳಿಸಿಕೊಂಡಿರುವುದೇ ಇದಕ್ಕೆ ಸಾಕ್ಷಿ. ರೋಜರ್ ವಿಲಿಯಮ್ಸ್ ಈ ವಿಷಯದಲ್ಲಿ ವಿನ್‌ಥ್ರೋಪನ ಬಳಗಕ್ಕೆ ಎದುರಾಡಿದ. ಬೇರೆಯವರ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ದೊರೆಗೆ ಅಧಿಕಾರವಿಲ್ಲ ಎಂದ. ಮತಧರ್ಮದ ಭಿನ್ನಾಭಿಪ್ರಾಯಗಳೂ ಸೇರಿ 1635ರಲ್ಲಿ ಅವನಿಗೆ ಗಡಿಪಾರಿನ ಶಿಕ್ಷೆಯಾಯಿತು. ಆಶ್ರಯ ಸಿಕ್ಕಿದ್ದು ನ್ಯಾರಗಾನ್ಸೆಟ್ ಜನರ ನಡುವೆ.

ಇನ್ನು ಸೌದೆಯ ಕಥೆ. 1629ರಲ್ಲಿ ಸೇಲಮ್ಮಿಗೆ ಬಂದ ಫ್ರಾನ್ಸಿಸ್ ಹಿಗಿನ್‌ಸನ್ ಎಂಬ ಪಾದ್ರಿ ಊರಿಗೆ ಬರೆದು ಕಳಿಸಿದ ವರ್ಣನೆಯಲ್ಲಿ ಉರುವಲಿನ ಸಮೃದ್ಧಿಯನ್ನು ಹೊಗಳಿದ್ದಾನೆ. ಇಲ್ಲಿ ಐವತ್ತು ಎಕರೆಯ ಬಡ ಆಳು ಸುಡುವಷ್ಟು ಮರವನ್ನು ಇಂಗ್ಲೆಂಡಿನ ಅನೇಕ ಸಿರಿವಂತರೂ ಸುಡಲಾರರು ಎಂಬುದು ಅವನ ಮಾತಿನ ಸಾರ. ವಲಸೆ ಬಂದವರು ಆ ಮಾತನ್ನು ಅಕ್ಷರಶಃ ನಡೆಸಿದರು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರಕ್ಕೆ ಪೇರಿಸಿದ ಸೌದೆಯ ರಾಶಿಗೆ ಅಲ್ಲಿ ಒಂದು 'ಕಾರ್ಡ್' ಎಂಬ ಲೆಕ್ಕ. ನ್ಯೂ ಇಂಗ್ಲೆಂಡಿನ ಒಂದು ಮನೆಗೆ ವರ್ಷಕ್ಕೆ 30ರಿಂದ 40 ಕಾರ್ಡ್ ಸೌದೆ ಬೇಕಾಗುತ್ತಿತ್ತು ಎಂದು ಚರಿತ್ರಕಾರರ ಅಂದಾಜು. ಅಂದರೆ ಒಂದೊಂದು ಮನೆ ವರ್ಷಕ್ಕೆ ಎಕರೆಗೂ ಮಿಕ್ಕಿದ ಕಾಡನ್ನು ಒಲೆಗೆ ಹಾಕುತ್ತಿತ್ತು. ಆಳು ಬಗ್ಗದೆ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಒಲೆಯ ಗೂಡು, ಅದರ ಮೇಲೆ ಅಗಲವಾದ ಹೊಗೆಗೂಡು. ಕಾವಿನ ಬಹುಪಾಲು ಹೊಗೆಯ ಜೊತೆ ಮೇಲಕ್ಕೆ ಹೋಗುತ್ತಿತ್ತು. ಮುಖ ಬೇಯುತ್ತಿತ್ತು, ಬೆನ್ನು ಹೆಪ್ಪುಗಟ್ಟುತ್ತಿತ್ತು.

ಬೋಸ್ಟನ್ ಊರು ನಿಂತದ್ದು ಮರಗಳೇ ವಿರಳವಾಗಿದ್ದ ಒಂದು ಪರ್ಯಾಯ ದ್ವೀಪದ ಮೇಲೆ. ಸೌದೆಯನ್ನು ಬಂದರಿನ ದ್ವೀಪಗಳಿಂದ ದೋಣಿಯಲ್ಲಿ ತರಬೇಕಿತ್ತು. ಊರು ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ, 1630ರ ದಶಕದ ಕೊನೆಯಲ್ಲಿ, ಅಲ್ಲಿ ಉರುವಲಿನ ಕೊರತೆ ಕಾಣಿಸಿತು. ಮುಗಿಯದಷ್ಟು ಕಾಡಿದೆ ಎಂದು ನಂಬಿದ ಖಂಡದ ಅಂಚಿನಲ್ಲಿ ಕುಳಿತೇ ಜನ ಸೌದೆಗೆ ಪರದಾಡಿದರು. ಕಾಡು ಇರುವುದು ಬೇರೆ, ಒಲೆಯ ಹತ್ತಿರ ಕಾಡಿರುವುದು ಬೇರೆ. ತಲೆಹೊರೆ ಹೊತ್ತ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮನೆಗಳೂ ಮರದವೇ. ಓಕ್ ಮರದ ತೊಲೆ ಕಂಬಗಳನ್ನು ಕೊರೆದು ಕೂಡಿಸಿ, ಮರದ ಗೂಟ ಬಡಿದು ಚೌಕಟ್ಟು ನಿಲ್ಲಿಸುತ್ತಿದ್ದರು. ಗೋಡೆಗೆ ಕಡ್ಡಿ ಹೆಣೆದು ಮಣ್ಣು ಮೆತ್ತಿ, ಹೊರಗೆ ಸೀಳಿದ ಹಲಗೆ ಹೊಡೆಯುತ್ತಿದ್ದರು. ಮೊದಲ ವರ್ಷಗಳಲ್ಲಿ ಹೊಗೆಗೂಡು ಕೂಡ ಮರದ್ದೇ, ಮಾಡಿಗೆ ಹುಲ್ಲು. ಬೆಂಕಿ ಅನಾಹುತಗಳಿಂದ ಬೇಸತ್ತು 1631ರಲ್ಲಿ ಬೋಸ್ಟನ್ನಿನಲ್ಲಿ ಇವೆರಡನ್ನೂ ನಿಷೇಧಿಸಲಾಯಿತು. ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿದ ಮನೆಯೇ ಅಮೆರಿಕದ ಮೊದಲ ವಲಸಿಗರ ಗುರುತು ಎಂದು ಚಿತ್ರಗಳಲ್ಲಿ ತೋರಿಸುವುದುಂಟು. ಅದು ಇಂಗ್ಲಿಷರದ್ದಲ್ಲ. 1638ರ ನಂತರ ಡೆಲವೇರ್ ನದಿಯ ದಡಕ್ಕೆ ಬಂದ ಸ್ವೀಡಿಷ್ ಮತ್ತು ಫಿನ್ನಿಷ್ ಜನ ತಂದ ಪದ್ಧತಿ ಅದು.

ಆ ಮನೆಯೊಳಗಿನ ದಿನಚರಿ ಮಲೆನಾಡಿನ ಹಿರಿಯರಿಗೆ ತೀರ ಅಪರಿಚಿತವೆನಿಸದು. ಮೆಕ್ಕೆಜೋಳವನ್ನು ಮರದ ಒರಳಿನಲ್ಲಿ ಕುಟ್ಟಿ ಗಂಜಿಯಾಗಿ, ಮುದ್ದೆಯಂತೆ ಗಟ್ಟಿಯಾಗಿ ಬೇಯಿಸುತ್ತಿದ್ದರು. ಒಂದೇ ಮಡಕೆ ದಿನವಿಡೀ ಒಲೆಯ ಮೇಲೆ. ಉಪ್ಪು ಹಚ್ಚಿದ ಹಂದಿಮಾಂಸ, ಬಟಾಣಿ, ಕುಂಬಳ, ಸೇಬಿನ ಹುಳಿಮದ್ಯ. ಕೊರೆದ ಮರದ ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ಣುವುದು ಸಾಮಾನ್ಯ. ಕುರ್ಚಿ ಯಜಮಾನನಿಗೆ, ಮಕ್ಕಳು ನಿಂತೇ ಉಣ್ಣುವ ಮನೆಗಳೂ ಇದ್ದವು. ಒಲೆಯ ಬೂದಿಯನ್ನು ಎಸೆಯುತ್ತಿರಲಿಲ್ಲ. ಪೀಪಾಯಿಗೆ ತುಂಬಿ ನೀರು ಹಾಯಿಸಿ ಕ್ಷಾರ ಇಳಿಸಿ, ಕೊಬ್ಬಿನೊಂದಿಗೆ ಕುದಿಸಿ ಸಾಬೂನು ಮಾಡುತ್ತಿದ್ದರು. ಅಗಸೆ ನಾರನ್ನೂ ಉಣ್ಣೆಯನ್ನೂ ನೂಲುವುದು, ಬೆಣ್ಣೆ ಕಡೆಯುವುದು, ಕೊಬ್ಬಿನ ಬತ್ತಿ ಎರೆಯುವುದು, ವರ್ಷ ಎರಡು ವರ್ಷಕ್ಕೊಂದು ಬಾಣಂತನ ಇವೆಲ್ಲ ಹೆಂಗಸರ ಪಾಲು. ಪ್ರತಿ ಮರದ ಗುಣವನ್ನೂ ಜನ ಬಹುಬೇಗ ಕಲಿತರು: ಪೀಪಾಯಿಗೆ ಓಕ್, ಕೊಡಲಿಯ ಕಾವಿಗೆ ಹಿಕರಿ, ಮಾಡಿನ ಹಲಗೆಗೆ ಸೀಡರ್, ಸಕ್ಕರೆಗೆ ಮೇಪಲ್ ಮರದ ರಸ. 1647ರಲ್ಲಿ ಮ್ಯಾಸಚೂಸೆಟ್ಸಿನ ಕಾನೂನು ಐವತ್ತು ಮನೆಗಳಿರುವ ಪ್ರತಿ ಊರೂ ಓದು ಬರಹ ಕಲಿಸಲು ಒಬ್ಬನನ್ನು ನೇಮಿಸಬೇಕೆಂದು ವಿಧಿಸಿತು. ಸಾಮಾನ್ಯರ ಮಕ್ಕಳು ಬೈಬಲ್ ಓದಲಿ ಎಂಬುದು ಉದ್ದೇಶ. ಉದ್ದೇಶ ಏನೇ ಇರಲಿ, ಒಳ್ಳೆಯ ಕಾನೂನು.

ಊರಿಗೆ ಸಾಮಾನ್ಯವಾದ ಗೋಮಾಳವೂ ಇತ್ತು. 1634ರಲ್ಲಿ ಬೋಸ್ಟನ್ ಊರು ತನ್ನ ಗೋಮಾಳವನ್ನು ಕಾಯ್ದಿರಿಸಿತು. ಸ್ವಲ್ಪ ಅನುಕೂಲವಂತರು ಹೆಚ್ಚು ದನ ಬಿಡತೊಡಗಿದಾಗ ಹುಲ್ಲು ಸವೆಯಿತು. 1646ರಲ್ಲಿ ಕರೆಯುವ ಹಸುಗಳ ಸಂಖ್ಯೆಯನ್ನು 70ಕ್ಕೆ ಮಿತಿಗೊಳಿಸಬೇಕಾಯಿತು. ಸಾಮೂಹಿಕ ನೆಲವೆಂದರೆ ಹೇಳುವವರು ಕೇಳುವವರು ಇಲ್ಲದ ನೆಲ ಎಂದು ವಾದಿಸುವ ಅರ್ಥಶಾಸ್ತ್ರಜ್ಞರು ಈ ಊರಸಭೆಗಳ ದಾಖಲೆಗಳನ್ನು ಓದಬೇಕು. ಯಾರ ದನ ಎಷ್ಟು, ಯಾವ ಮರ ಕಡಿಯಬಾರದು, ಹಂದಿಯ ಮೂತಿಗೆ ಯಾವಾಗ ಉಂಗುರ ಹಾಕಬೇಕು ಎಂಬ ನಿರ್ಣಯಗಳಿಂದ ಅವು ತುಂಬಿವೆ. ಆದರೆ ಈ ಎಚ್ಚರಿಕೆ ಊರಿನ ಎಲ್ಲೆಯೊಳಗೆ ಮಾತ್ರ.

ಎಲ್ಲೆಯ ಆಚೆ ಹಂದಿ ಇತ್ತು. ಪ್ಲಿಮತ್ತಿಗೆ ಮೊದಲ ದನಗಳು ಬಂದದ್ದು 1624ರಲ್ಲಿ, ಮೂರು ಕಡಸು ಮತ್ತು ಒಂದು ಹೋರಿ. ಹಂದಿಗಳು ಅವಕ್ಕಿಂತ ವೇಗವಾಗಿ ಹೆಚ್ಚಿದವು. ಕಿವಿಗೆ ಗುರುತಿನ ಕಚ್ಚು ಹಾಕಿ, ಆ ಗುರುತನ್ನು ಊರಿನ ಪುಸ್ತಕದಲ್ಲಿ ಬರೆಸಿ, ಕಾಡಿಗೆ ಬಿಟ್ಟುಬಿಡುತ್ತಿದ್ದರು. ಓಕ್ ಕಾಯಿ ತಿಂದು ಕೊಬ್ಬಿ, ತೋಳವನ್ನೂ ಎದುರಿಸಬಲ್ಲ ಪ್ರಾಣಿ. ಅದು ಮೂಲನಿವಾಸಿಗಳ ಬೇಲಿಯಿಲ್ಲದ ಜೋಳದ ಹೊಲಕ್ಕೆ ನುಗ್ಗಿತು. ಚಳಿಗಾಲಕ್ಕೆಂದು ಅವರು ನೆಲದಲ್ಲಿ ಹೂತಿಟ್ಟ ಕಾಳಿನ ಹಗೇವನ್ನು ಬಗೆಯಿತು. ನೀರಿಳಿದಾಗ ಸಮುದ್ರದ ದಡಕ್ಕಿಳಿದು, ಹೆಂಗಸರು ಚಿಪ್ಪುಮೀನು ಹೆಕ್ಕುವ ಮರಳುದಿಬ್ಬಗಳನ್ನು ಮೂತಿಯಿಂದ ಅಗೆದು ತಿಂದಿತು. ವಸಾಹತಿನ ನ್ಯಾಯದ ಪ್ರಕಾರ ದನ ಹಂದಿಗಳು ಸ್ವತಂತ್ರ, ಬೇಲಿ ಹಾಕಬೇಕಾದದ್ದು ಬೆಳೆದವರು. ಬೇಲಿ ಗಟ್ಟಿಯಿದೆಯೇ ಎಂದು ನೋಡಲು ಊರಿಗೆ ಬೇಲಿ ತನಿಖೆಯ ಪಂಚರಿದ್ದರು, ತುಡುಗು ದನ ಕೂಡಲು ದೊಡ್ಡಿಯಿತ್ತು. ಮೂಲನಿವಾಸಿಗಳು ಪರಿಹಾರ ಕೇಳಿದರೆ ಮೊದಲು ಬರುವ ಪ್ರಶ್ನೆ: ನಿಮ್ಮ ಬೇಲಿ ಎಲ್ಲಿ? ಬೇಲಿಯಿಲ್ಲದ ಬದುಕನ್ನು ಬೇಲಿ ಹಾಕದ ಅಪರಾಧವನ್ನಾಗಿ ಮಾಡಿದ ಕಾನೂನು ಅದು. ಭೂಮಿ ಕಿತ್ತುಕೊಳ್ಳಲು ಪ್ರತಿಸಲವೂ ಬಂದೂಕು ಬೇಕಾಗಲಿಲ್ಲ.

ನ್ಯಾರಗಾನ್ಸೆಟ್ ಜನರ ನಾಯಕ ಮಿಯಾಂಟೊನೊಮಿ 1642ರ ಸುಮಾರಿಗೆ ಲಾಂಗ್ ಐಲೆಂಡಿನ ನೆರೆಯ ಜನರನ್ನು ಒಗ್ಗೂಡಿಸಲು ಆಡಿದ ಮಾತುಗಳನ್ನು ಲಯನ್ ಗಾರ್ಡಿನರ್ ಎಂಬ ಇಂಗ್ಲಿಷನೇ ದಾಖಲಿಸಿದ್ದಾನೆ. ಅಪ್ಪಂದಿರ ಕಾಲದಲ್ಲಿ ಜಿಂಕೆ, ಕೋಳಿ, ಮೀನು ಯಥೇಚ್ಛವಾಗಿದ್ದವು. ಬಂದವರು ಕತ್ತಿಯಿಂದ ಹುಲ್ಲನ್ನೂ ಕೊಡಲಿಯಿಂದ ಮರವನ್ನೂ ತೆಗೆದರು. ಅವರ ಹಸು ಕುದುರೆ ಹುಲ್ಲು ತಿಂದವು, ಹಂದಿಗಳು ಚಿಪ್ಪುಮೀನಿನ ದಿಬ್ಬ ಕೆಡಿಸಿದವು, ಹೀಗಾದರೆ ಎಲ್ಲರೂ ಹಸಿವಿನಿಂದ ಸಾಯಬೇಕು ಎಂಬುದು ಆ ಭಾಷಣದ ತಿರುಳು. ಪರಿಸರದ ನಾಶವು ಹಸಿವಾಗಿ ಮಾರ್ಪಡುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಆ ಶತಮಾನದಲ್ಲಿ ಅಪರೂಪ. ಮರುವರ್ಷವೇ, ಇಂಗ್ಲಿಷರ ಸಮ್ಮತಿಯಿಂದ, ಎದುರಾಳಿ ಬಣದವರು ಅವನನ್ನು ಕೊಂದರು.

ಕೆಲವರು ಹೊಸ ಬದುಕಿಗೆ ಹೊಂದಿಕೊಳ್ಳಲು ನೋಡಿದರು. ವ್ಯಾಂಪನೋಗ್ ಜನರ ನಾಯಕ ಮೆಟಕಾಮ್ ಹಂದಿ ಸಾಕಿದ. ಇಂಗ್ಲಿಷರು ಹೇಳುತ್ತಿದ್ದ ನಾಗರಿಕತೆಯ ಪಾಠವೂ ಅದೇ ತಾನೆ? ಆದರೆ 1669ರಲ್ಲಿ ಅವನು ಒಂದು ದ್ವೀಪದಲ್ಲಿ ಹಂದಿಗಳನ್ನು ಬಿಟ್ಟಾಗ ಪೋರ್ಟ್ಸ್‌ಮತ್ ಊರಿನವರು ಅವನ್ನು ತೆಗೆಯಬೇಕೆಂದು ನೋಟೀಸು ಕಳಿಸಿದರು. ಆರು ವರ್ಷದ ನಂತರ, 1675ರಲ್ಲಿ, ಯುದ್ಧ ಹತ್ತಿಕೊಂಡಿತು. ಯುದ್ಧಕ್ಕೆ ಮುನ್ನ ಮೆಟಕಾಮನ ಕಡೆಯವರು ಜಾನ್ ಈಸ್ಟನ್ ಎಂಬ ಅಧಿಕಾರಿಯ ಮುಂದೆ ಇಟ್ಟ ದೂರುಗಳಲ್ಲಿ ಇಂಗ್ಲಿಷರ ದನ ಕುದುರೆಗಳಿಂದ ಜೋಳ ಉಳಿಸಿಕೊಳ್ಳಲಾಗುತ್ತಿಲ್ಲ ಎಂಬುದೂ ಒಂದು. 1676ರ ಆಗಸ್ಟಿನಲ್ಲಿ ಮೆಟಕಾಮ್ ಹತನಾದ. ಸೆರೆಸಿಕ್ಕ ನೂರಾರು ಜನರನ್ನು, ಅವನ ಹೆಂಡತಿ ಮಕ್ಕಳ ವಯಸ್ಸಿನವರನ್ನೂ ಬಿಡದೆ, ವೆಸ್ಟ್ ಇಂಡೀಸಿನ ಕಡೆಗೆ ಗುಲಾಮರಾಗಿ ಮಾರಲಾಯಿತು.

ಕಾಡುಪ್ರಾಣಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಬೀವರ್ ಎಂಬುದು ಇಲಿ ಅಳಿಲುಗಳ ವರ್ಗದ, ನೀರಿನಲ್ಲಿ ಬಾಳುವ ಪ್ರಾಣಿ. ಮರಗಳನ್ನು ಕಚ್ಚಿ ಉರುಳಿಸಿ ತೊರೆಗೆ ಅಡ್ಡ ಕಟ್ಟೆ ಕಟ್ಟುತ್ತದೆ. ಯುರೋಪಿನ ಸಿರಿವಂತರ ಟೋಪಿಗೆ ಅದರ ತುಪ್ಪಳ ಬೇಕಾಯಿತು. 17ನೇ ಶತಮಾನ ಮುಗಿಯುವ ಹೊತ್ತಿಗೆ ನ್ಯೂ ಇಂಗ್ಲೆಂಡಿನ ಬಹುಭಾಗದಲ್ಲಿ ಅದು ಅಪರೂಪವಾಗಿತ್ತು. ಒಡೆಯನಿಲ್ಲದ ಕಟ್ಟೆಗಳು ಒಡೆದು, ಕೆರೆಯ ತಳದ ಮೆಕ್ಕಲುಮಣ್ಣು ಹುಲ್ಲುಗಾವಲಾಯಿತು, ವಲಸಿಗರ ದನಕ್ಕೆ ಮೇವಾಯಿತು. ತೋಳದ ತಲೆಗೆ ಮ್ಯಾಸಚೂಸೆಟ್ಸ್ 1630ರಲ್ಲೇ ಬಹುಮಾನ ಗೊತ್ತುಮಾಡಿತು. ಜಿಂಕೆ ಎಷ್ಟು ವಿರಳವಾಯಿತೆಂದರೆ 1694ರಲ್ಲಿ ಬೇಟೆ ನಿಷೇಧದ ಋತುವನ್ನೂ, 1718ರಲ್ಲಿ ಮೂರು ವರ್ಷಗಳ ಪೂರ್ಣ ನಿಷೇಧವನ್ನೂ ತರಬೇಕಾಯಿತು.

ದಕ್ಷಿಣದ ವರ್ಜೀನಿಯಾದಲ್ಲಿ ಕಾಡು ಹೋದದ್ದು ಒಲೆಗಿಂತ ಹೆಚ್ಚಾಗಿ ಹೊಗೆಸೊಪ್ಪಿಗೆ. 1612ರ ಸುಮಾರಿಗೆ ಜಾನ್ ರೋಲ್ಫ್ ಬೆಳೆದು ತೋರಿಸಿದ ಈ ಬೆಳೆ ಮೂರು ನಾಲ್ಕು ವರ್ಷಗಳಲ್ಲಿ ಮಣ್ಣಿನ ಸಾರ ಹೀರಿಬಿಡುತ್ತಿತ್ತು. ಆಮೇಲೆ ಇಪ್ಪತ್ತು ವರ್ಷ ಹಡ್ಡಲು ಬಿಡಬೇಕು, ಹೊಸ ಕಾಡು ಕಡಿಯಬೇಕು. ಕಡಿಯಲು ಕೈಗಳು ಬೇಕು. ಮೊದಲು ಇಂಗ್ಲೆಂಡಿನ ಬಡವರು ವರ್ಷಗಟ್ಟಲೆಯ ಜೀತಪತ್ರಕ್ಕೆ ಸಹಿ ಹಾಕಿ ಬಂದರು. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗೊಂದು ತಂದಿಳಿಸಿತು. 1662ರ ವರ್ಜೀನಿಯಾ ಕಾನೂನಿನ ಪ್ರಕಾರ ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. ಇನ್ನೂ ದಕ್ಷಿಣಕ್ಕೆ, ದಕ್ಷಿಣ ಕ್ಯಾರೊಲಿನಾದಲ್ಲಿ, 1690ರ ದಶಕದಿಂದ ಬತ್ತದ ಬೇಸಾಯ ಬೆಳೆಯಿತು. ಜೌಗುಕಾಡು ಕಡಿದು, ಬದು ಹಾಕಿ, ತೂಬು ಇಟ್ಟು, ನೀರು ಏರಿಸಿ ಇಳಿಸುವ ಗದ್ದೆಗಳವು. ಇಂಗ್ಲಿಷ್ ಒಡೆಯರಿಗೆ ಬತ್ತದ ಗದ್ದೆಯ ಪರಂಪರೆಯೇ ಇರಲಿಲ್ಲ. ಪಶ್ಚಿಮ ಆಫ್ರಿಕದ ಬತ್ತದ ನಾಡಿನಿಂದ ಹಿಡಿದು ತಂದವರಿಗೆ ಇತ್ತು. ನಾಟಿಯ ನೀರಿನ ಅಳತೆ, ಒನಕೆಯ ಕುಟ್ಟಾಟ, ತೂರುವ ಮೊರ ಇವುಗಳಲ್ಲಿ ಆ ಜನರ ಅರಿವು ಎಷ್ಟು ಕೆಲಸ ಮಾಡಿತು ಎಂಬುದರ ಮೇಲೆ ವಿದ್ವಾಂಸರಲ್ಲಿ ಚರ್ಚೆಯಿದೆ, ಅವರ ಬೆನ್ನು ಎಷ್ಟು ಕೆಲಸ ಮಾಡಿತು ಎಂಬುದರ ಮೇಲೆ ಇಲ್ಲ. ಸೊಂಟದ ಮಟ್ಟದ ಕೆಸರಿನಲ್ಲಿ, ಮಲೇರಿಯಾದ ನಡುವೆ ಗುಲಾಮರು ದುಡಿದರು. 1708ರ ಹೊತ್ತಿಗೆ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರೇ ಹೆಚ್ಚಾಗಿದ್ದರು. 1739ರಲ್ಲಿ ಸ್ಟೋನೋ ನದಿಯ ಬಳಿ ಅವರು ದಂಗೆಯೆದ್ದರು, ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು.

ಈಗ ದೊರೆಯ ಮರದ ಪ್ರಸಂಗ. ಬ್ರಿಟಿಷ್ ನೌಕಾಪಡೆಯ ಹಡಗುಗಳಿಗೆ ಹಾಯಿಕಂಬ ಬೇಕು. ಹಳೆಯ ಲೆಕ್ಕದಂತೆ ಕಂಬದ ಉದ್ದ ಎಷ್ಟು ಗಜವೋ ದಪ್ಪ ಅಷ್ಟು ಅಂಗುಲ. ಅಂಥ ನೇರ ಮರ ಇಂಗ್ಲೆಂಡಿನಲ್ಲಿ ಇರಲಿಲ್ಲ, ನ್ಯೂ ಇಂಗ್ಲೆಂಡಿನ ಬಿಳಿ ಪೈನ್ ಮರದಲ್ಲಿತ್ತು. 1634ರಿಂದಲೇ ಸಾಗಣೆ ಆರಂಭವಾಯಿತು. ಬೀಳುವಾಗ ಕಂಬ ಸೀಳದಿರಲೆಂದು ಸಣ್ಣ ಮರಗಳನ್ನು ಕಡಿದು ಹಾಸಿಗೆ ಮಾಡಿ, ಹಿಮದ ಮೇಲೆ ಹತ್ತಾರು ಜೊತೆ ಎತ್ತುಗಳಿಂದ ಎಳೆಸುತ್ತಿದ್ದರು. 1691ರ ಮ್ಯಾಸಚೂಸೆಟ್ಸ್ ಸನ್ನದಿನಲ್ಲಿ, ನೆಲದಿಂದ 12 ಅಂಗುಲ ಮೇಲೆ 24 ಅಂಗುಲ ಅಡ್ಡಳತೆಯಿರುವ, ಖಾಸಗಿಯವರಿಗೆ ಅದುವರೆಗೆ ಕೊಟ್ಟಿರದ ನೆಲದ ಮರಗಳೆಲ್ಲ ದೊರೆಗೆ ಮೀಸಲು ಎಂಬ ಷರತ್ತು ಸೇರಿತು. ಕಡಿದವರಿಗೆ 100 ಪೌಂಡು ದಂಡ. ಸರ್ವೇಯರ್ ಬಂದು ಕೊಡಲಿಯ ಮೂರು ಏಟಿನಿಂದ ಬಾಣದ ಗುರುತು ಹಾಕುತ್ತಿದ್ದ. ಮುಂದಿನ ಕಾನೂನುಗಳು ಈ ಮೀಸಲನ್ನು ಮತ್ತಷ್ಟು ವಿಸ್ತರಿಸಿದವು.

ಹಿತ್ತಿಲಲ್ಲೇ ನಿಂತ ಮರ ತನ್ನದಲ್ಲ ಎಂಬ ಸ್ಥಿತಿಯನ್ನು ಅಲ್ಲಿನ ರೈತ ಒಪ್ಪಲಿಲ್ಲ. ರಾತ್ರಿ ಕಡಿದು ಹಲಗೆ ಮಾಡಿದ. ಹಲಗೆಯ ಅಗಲ 24 ಅಂಗುಲ ಮುಟ್ಟದಂತೆ ನೋಡಿಕೊಂಡ ಎಂಬ ಕಥೆಗಳು ಈಗಲೂ ಅಲ್ಲಿ ಚಾಲ್ತಿಯಲ್ಲಿವೆ. 1772ರ ಏಪ್ರಿಲಿನಲ್ಲಿ ನ್ಯೂ ಹ್ಯಾಂಪ್‌ಶೈರಿನ ವೇರ್ ಎಂಬ ಊರಿಗೆ ಷೆರಿಫ್ ಬೆಂಜಮಿನ್ ವೈಟಿಂಗ್ ಮತ್ತು ಅವನ ಸಹಾಯಕ ಎಬೆನೆಜರ್ ಮಜೆಟ್ ಎಂಬವನನ್ನು ಬಂಧಿಸಲು ಬಂದರು. ಬೆಳಿಗ್ಗೆ ಜಾಮೀನು ತರುವುದಾಗಿ ಹೇಳಿ ಹೋದ ಮಜೆಟ್ ನಸುಕಿನಲ್ಲಿ ಮಸಿ ಬಳಿದ ಮುಖದ ಇಪ್ಪತ್ತಕ್ಕೂ ಹೆಚ್ಚು ಜನರೊಂದಿಗೆ ಬಂದ. ಅಧಿಕಾರಿಗಳಿಗೆ ಛಡಿಯೇಟು ಬಿದ್ದವು. ಕುದುರೆಗಳ ಕಿವಿ, ಕೇಸರ, ಬಾಲ ಕತ್ತರಿಸಿ ಓಡಿಸಿದರು. ಮೂಕಪ್ರಾಣಿಗಳ ಮೇಲಿನ ಆ ಕ್ರೌರ್ಯವನ್ನು ಯಾವ ಹೋರಾಟದ ಹೆಸರಿನಲ್ಲೂ ಸಮರ್ಥಿಸಲಾಗದು. ಮೊಕದ್ದಮೆ ನಡೆದು ಎಂಟು ಮಂದಿಗೆ ತಲಾ 20 ಷಿಲಿಂಗ್ ದಂಡವಾಯಿತು. ಬೋಸ್ಟನ್ನಿನ ಚಹಾ ಪ್ರಕರಣ ಇದಾದ ಮರುವರ್ಷದ್ದು. ಚಹಾ ಲೋಕಪ್ರಸಿದ್ಧವಾಯಿತು, ಪೈನ್ ಮರ ಸ್ಥಳೀಯ ಚರಿತ್ರೆಯಲ್ಲಿ ಉಳಿಯಿತು. ಮರೆಯಬಾರದ ಇನ್ನೊಂದು ಸಂಗತಿಯೆಂದರೆ ದೊರೆಯ ಮೀಸಲಿನ ವಿರುದ್ಧ ಸಿಡಿದ ಆ ರೈತರು ನಿಂತಿದ್ದ ನೆಲವೇ ಬೇರೆಯವರಿಂದ ಬಂದದ್ದು.

1783ರಲ್ಲಿ ಆ ವಸಾಹತುಗಳು ಬ್ರಿಟನ್ನಿನ ಕೈಬಿಟ್ಟುಹೋದವು. ನೌಕಾಪಡೆಯ ಮರದ ಹಸಿವು ಹಾಗೆಯೇ ಉಳಿಯಿತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನ ಓಕ್ ಸಾಲದೆ, ಹಡಗಿನ ಒಡಲಿಗಾಗಿ ಕಣ್ಣು ಪಶ್ಚಿಮ ಘಟ್ಟದ ತೇಗದ ಮೇಲೆ ಬಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನು ಮಲಬಾರಿನಲ್ಲಿ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡ. ಮರುವರ್ಷ ತೇಗದ ಮೇಲೆ ಕಂಪನಿಯ ಏಕಸ್ವಾಮ್ಯ ಘೋಷಣೆಯಾಯಿತು. ಜನರ ಮತ್ತು ವ್ಯಾಪಾರಿಗಳ ಅಸಮಾಧಾನ ಎಷ್ಟಾಯಿತೆಂದರೆ ಮದರಾಸಿನ ಗವರ್ನರ್ ಥಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ರದ್ದುಮಾಡಿಸಿದ. ಮಲಬಾರ್ ತೇಗದಿಂದ ಮುಂಬಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ.

ಅಮೆರಿಕಕ್ಕೆ ಹಿಂದಿರುಗಿದರೆ, 1744ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಾನು ರೂಪಿಸಿದ ಕಬ್ಬಿಣದ ಒಲೆಯ ಬಗ್ಗೆ ಒಂದು ಕಿರುಹೊತ್ತಗೆ ಅಚ್ಚುಹಾಕಿದ. ಹಿಂದೆ ಮನೆಬಾಗಿಲಲ್ಲೇ ಸಿಗುತ್ತಿದ್ದ ಸೌದೆಯನ್ನು ಈಗ ಕೆಲವು ಪಟ್ಟಣಗಳಿಗೆ ನೂರು ಮೈಲಿಯಷ್ಟು ದೂರದಿಂದ ತರಬೇಕಾಗಿದೆ ಎಂದು ಅದರಲ್ಲಿ ಬರೆದ. ಹಿಗಿನ್‌ಸನ್ ಬೆರಗಾಗಿ ನೂರಾ ಹದಿನೈದು ವರ್ಷ ಕಳೆದಿತ್ತು ಅಷ್ಟೆ. 1748ರಿಂದ 1751ರವರೆಗೆ ಸಂಚರಿಸಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಪೀಟರ್ ಕಾಮ್, ಮಣ್ಣನ್ನು ಬಳಲಿಸಿ ಬಿಟ್ಟು ಹೊಸ ಕಾಡಿಗೆ ಕೈಹಾಕುವ ರೈತರ ಅಜಾಗರೂಕತೆಯನ್ನು ಕಟುವಾಗಿ ಟೀಕಿಸಿದ್ದಾನೆ. ಮೀನೂ ಹಕ್ಕಿಯೂ ಹಿಂದೆ ಎಷ್ಟಿದ್ದವು ಎಂದು ವೃದ್ಧರನ್ನು ಕೇಳಿ ಬರೆದುಕೊಂಡಿದ್ದಾನೆ. ಕಾಡು ಹೋದ ಕಡೆ ಮಳೆನೀರು ಒಮ್ಮೆಲೇ ಹರಿದು, ಬೇಸಿಗೆಯಲ್ಲಿ ತೊರೆಗಳು ಬತ್ತಿ ನೀರುಗಿರಣಿಗಳು ನಿಂತವು. ಗಿರಣಿಯ ಕಟ್ಟೆಗಳೇ ಮೊಟ್ಟೆಯಿಡಲು ಮೇಲೇರುವ ಮೀನಿಗೆ ಅಡ್ಡವಾದವು.

19ನೇ ಶತಮಾನದಲ್ಲಿ ಕಾಲುವೆ ಮತ್ತು ರೈಲು ಬಂದು, ಪಶ್ಚಿಮದ ಸಮತಟ್ಟಿನ ಧಾನ್ಯದ ಮುಂದೆ ನ್ಯೂ ಇಂಗ್ಲೆಂಡಿನ ಕಲ್ಲುನೆಲ ಸೋತಿತು. ಹೊಲಗಳು ಹಡ್ಡಲಾದವು, ಮರ ಮತ್ತೆ ಬಂತು. ಈಗ ಮ್ಯಾಸಚೂಸೆಟ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ಕಾಡು. ಆ ಕಾಡಿನೊಳಗೆ ನಡೆದರೆ ಮೈಲಿಗಟ್ಟಲೆ ಕಲ್ಲಿನ ಪಾಗಾರಗಳು ಸಿಗುತ್ತವೆ. ಒಳಗೂ ಮರ, ಹೊರಗೂ ಮರ, ನಡುವೆ ಏನನ್ನೂ ಕಾಯದ ಬೇಲಿ. 1928ರಲ್ಲಿ ಬೀವರ್ ಮತ್ತೆ ಕಾಣಿಸಿತು. 1972-73ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ತಂದು ಬಿಟ್ಟ 37 ಕಾಡು ಟರ್ಕಿ ಕೋಳಿಗಳು ಸಾವಿರಾರಾಗಿ ಹೆಚ್ಚಿವೆ. ತೋಳದ ಹಿಂಡುಗಳು ಬರಲಿಲ್ಲ. ಆಕಾಶ ಮುಚ್ಚುವಷ್ಟು ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಪಂಜರದಲ್ಲಿ ಸತ್ತಿತು.

ನ್ಯಾರಗಾನ್ಸೆಟ್ ಜನ ಅಳಿದರೆಂದು ರೋಡ್ ಐಲೆಂಡ್ ಸರ್ಕಾರ 1880ರ ದಶಕದಲ್ಲಿ ಕಾಗದದ ಮೇಲೆ ತೀರ್ಮಾನಿಸಿತ್ತು. ಅವರು ಅಲ್ಲೇ ಇದ್ದರು. ನ್ಯಾಯಾಲಯಕ್ಕೆ ಹೋದರು. 1978ರ ಒಪ್ಪಂದದಿಂದ ಚಾರ್ಲ್ಸ್‌ಟೌನ್ ಊರಿನಲ್ಲಿ ಸುಮಾರು 1,800 ಎಕರೆ ನೆಲ ಅವರಿಗೆ ಮರಳಿತು. 1983ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಅವರನ್ನು ಬುಡಕಟ್ಟು ರಾಷ್ಟ್ರವೆಂದು ಮಾನ್ಯ ಮಾಡಿತು. ನೆರೆಯ ವ್ಯಾಂಪನೋಗ್ ಜನ ಮಾತಾಡುವವರೇ ಇಲ್ಲದಾಗಿದ್ದ ತಮ್ಮ ನುಡಿಯನ್ನು 1990ರ ದಶಕದಿಂದ ಮತ್ತೆ ಕಲಿಯುತ್ತಿದ್ದಾರೆ. ಅದಕ್ಕೆ ಅವರು ಬಳಸಿದ ಆಕರಗಳಲ್ಲಿ ಮುಖ್ಯವಾದದ್ದು ಅವರನ್ನು ಮತಾಂತರಿಸಲೆಂದು ಪಾದ್ರಿ ಜಾನ್ ಎಲಿಯಟ್ 1663ರಲ್ಲಿ ಅಚ್ಚುಹಾಕಿಸಿದ ಬೈಬಲ್. ಇನ್ನೊಂದು, ಅವರ ಹಿರಿಯರು ಅದೇ ನುಡಿಯಲ್ಲಿ ಬರೆಸಿಟ್ಟ ಜಮೀನಿನ ಪತ್ರಗಳು.